ಪಾಲಾರ್ ನದಿ ಮತ್ತು ಪರದೇಶದ ಪಾದರಕ್ಷೆ

ಬೆಂಗಳೂರಿನಿಂದ ಚೆನ್ನೈಗೆ ರೈಲಿನಲ್ಲಿ ಪ್ರಯಾಣ ಮಾಡಿದ ಕನ್ನಡಿಗರಿಗೆ ವಾಣಿಯಂಬಾಡಿ, ಆಂಬೂರು ಎಂಬ ಹೆಸರುಗಳು ಹೊಸವೇನಲ್ಲ. ಬಂಗಾರಪೇಟೆ, ಕುಪ್ಪಂಗಳನ್ನು ಹಿಂದೆ ಹಾಕಿ ಗಾಡಿ ಜೋಲಾರ್‌ಪೇಟೆ ದಾಟಿತೆಂದರೆ ಹಾದಿ ಪಾಲಾರ್ ನದಿಯ ಕಣಿವೆಯಲ್ಲಿ ಸಾಗುತ್ತದೆ. ಕಿಟಕಿಗಳು ತೆರೆದಿರುತ್ತಿದ್ದ ಕಾಲದಲ್ಲಿ ಈ ಭಾಗದಲ್ಲಿ ಎರಡು ವಾಸನೆಗಳು ಬೋಗಿಯೊಳಕ್ಕೆ ಬರುತ್ತಿದ್ದವು. ಒಂದು, ಆಂಬೂರಿನ ಹೆಸರುವಾಸಿ ಬಿರಿಯಾನಿಯದು. ಮತ್ತೊಂದು ಹಸಿ ತೊಗಲಿನದು. ಮೊದಲನೆಯದಕ್ಕೆ ಮೂಗರಳಿಸಿದವರೂ ಎರಡನೆಯದು ಬಂದೊಡನೆ ಕರವಸ್ತ್ರ ಹಿಡಿದು ಕಿಟಕಿ ಮುಚ್ಚುತ್ತಿದ್ದರು. ಹವಾನಿಯಂತ್ರಿತ ಬೋಗಿಗಳಲ್ಲಿ ಹೋಗುವವರಿಗೆ ಈಗ ಎರಡೂ ತಿಳಿಯುವುದಿಲ್ಲ.

ಹೀಗೆ ಕಿಟಕಿ ಮುಚ್ಚಿದವರ ಕಾಲಿನಲ್ಲಿಯೂ ಪ್ರಾಯಶಃ ಆ ಊರಿನಲ್ಲೇ ಹದಗೊಂಡ ಚರ್ಮದ ಬೂಟುಗಳಿದ್ದಿರಬಹುದು. ಅವರ ಕಾಲಿನಲ್ಲಿ ಇಲ್ಲವಾದರೆ ಜರ್ಮನಿಯಲ್ಲೋ ಇಟಲಿಯಲ್ಲೋ ಇಂಗ್ಲೆಂಡಿನಲ್ಲೋ ಇರುವ ಮತ್ತೊಬ್ಬರ ಕಾಲಿನಲ್ಲಿ. ಒಂದು ಜೊತೆ ಪಾದರಕ್ಷೆ ಅಂಗಡಿಯ ಗಾಜಿನ ಕಪಾಟಿಗೆ ಬರುವ ಮೊದಲು ಎಷ್ಟು ನೀರನ್ನು ಕೆಡಿಸಿ ಬಂದಿದೆ ಎಂಬುದು ಅದರ ಬೆಲೆಚೀಟಿಯಲ್ಲಿ ಬರೆದಿರುವುದಿಲ್ಲ. ಆ ಲೆಕ್ಕ ಬೇರೊಂದೆಡೆ, ಪಾಲಾರ್ ನದಿಯ ಮರಳಿನ ಕೆಳಗೆ, ಬಾವಿಗಳಲ್ಲಿ, ಹೊಲಗಳಲ್ಲಿ ಬರೆಯಲ್ಪಟ್ಟಿದೆ.

ಪಾಲಾರ್ ನಮಗೆ ಹೊರಗಿನ ನದಿಯಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬುತ್ತ, ಚಿನ್ನದ ಗಣಿಯ ಊರಿಗೆ ಬಹುಕಾಲ ಕುಡಿಯುವ ನೀರು ಕೊಟ್ಟ ಬೇತಮಂಗಲದ ಕೆರೆಯನ್ನು ಹಾದು ಅದು ಆಂಧ್ರಕ್ಕೆ ಇಳಿಯುತ್ತದೆ. ಒಟ್ಟು 348 ಕಿಲೋಮೀಟರ್ ಉದ್ದದಲ್ಲಿ 93 ಕಿಲೋಮೀಟರ್ ಕರ್ನಾಟಕದಲ್ಲಿ, 33 ಆಂಧ್ರದಲ್ಲಿ, ಉಳಿದ 222 ತಮಿಳುನಾಡಿನಲ್ಲಿ. ಹೆಸರಿನ ಅರ್ಥ ಹಾಲಿನ ಹೊಳೆ. ತಮಿಳಿನ ‘ಪಾಲ್’ ಕನ್ನಡದ ‘ಹಾಲು’. ಸಂಸ್ಕೃತದವರು ಇದನ್ನೇ ಕ್ಷೀರನದಿ ಎಂದರು. 1892ರ ಮದರಾಸು–ಮೈಸೂರು ಒಪ್ಪಂದದ ಪಟ್ಟಿಯಲ್ಲಿ ಈ ನದಿಯ ಹೆಸರೂ ಇದೆ. ಅಂದಿನಿಂದಲೂ ಮೇಲಿನವರು ಎಷ್ಟು ನೀರು ತಡೆಯಬಹುದು, ಕೆಳಗಿನವರಿಗೆ ಎಷ್ಟು ಬಿಡಬೇಕು ಎಂಬ ಜಗಳ ನಡೆದೇ ಇದೆ. ನೀರಿನ ಪ್ರಮಾಣದ ಬಗ್ಗೆ ಇಷ್ಟು ವಾದ ಮಾಡಿದವರು ಅದರ ಗುಣದ ಬಗ್ಗೆ ಬಹಳ ತಡವಾಗಿ ಬಾಯಿ ತೆರೆದರು.

ತಮಿಳುನಾಡಿನಲ್ಲಿ ಪಾಲಾರ್ ವರ್ಷದ ಬಹುಭಾಗ ಒಣಗಿಯೇ ಇರುತ್ತದೆ. ಮಳೆ ಬಿದ್ದಾಗ ಕೆಲವು ದಿನ ಹರಿದು ಮತ್ತೆ ಮರಳಾಗುವ ನದಿ ಅದು. ಆದರೆ ಮೇಲೆ ಒಣಗಿದ್ದರೂ ಮರಳಿನ ಅಡಿಯಲ್ಲಿ ನೀರು ನಿಂತಿರುತ್ತದೆ. ದಡದ ಊರುಗಳು ತಲೆಮಾರುಗಳಿಂದ ಬದುಕಿದ್ದು ಈ ಗುಪ್ತಜಲದಿಂದಲೇ. ಇಂತಹ ನದಿಯ ಪಾತ್ರಕ್ಕೆ ಏನನ್ನಾದರೂ ಸುರಿದರೆ ಅದನ್ನು ತೊಳೆದು ಸಮುದ್ರಕ್ಕೆ ಒಯ್ಯುವ ಪ್ರವಾಹವಿಲ್ಲ. ಸುರಿದದ್ದು ಸುರಿದಲ್ಲಿಯೇ ಇಂಗುತ್ತದೆ; ಇಂಗಿದ್ದು ಪಕ್ಕದ ಬಾವಿಗೆ ಬರುತ್ತದೆ.

ತಂಗಡಿ ತೊಗಟೆಯಿಂದ ಕ್ರೋಮಿಯಂವರೆಗೆ

ಚರ್ಮ ಹದಮಾಡುವ ಉದ್ಯಮ ಈ ಕಣಿವೆಯಲ್ಲಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ನೀರಿತ್ತು, ಮದರಾಸಿನ ಬಂದರು ದೂರವಿರಲಿಲ್ಲ, ವ್ಯಾಪಾರದಲ್ಲಿ ನುರಿತ ಮುಸ್ಲಿಂ ವರ್ತಕ ಕುಟುಂಬಗಳಿದ್ದವು, ಕೈಕೆಲಸಕ್ಕೆ ಬಹುಪಾಲು ದಲಿತ ಸಮುದಾಯದ ಕಾರ್ಮಿಕರು ದೊರೆಯುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ ಸುತ್ತಣ ಕುರುಚಲು ಕಾಡಿನಲ್ಲಿ ತಂಗಡಿ ಅಥವಾ ಆವರಿಕೆ ಎಂದು ನಾವು ಕರೆಯುವ ಗಿಡ ಹೇರಳವಾಗಿ ಬೆಳೆಯುತ್ತಿತ್ತು. ಅದರ ತೊಗಟೆ, ಅಳಲೆಕಾಯಿ ಇವೇ ಆಗಿನ ಹದದ ಸಾಮಗ್ರಿ. ತೊಗಟೆಯ ಕಷಾಯದಲ್ಲಿ ತೊಗಲು ವಾರಗಟ್ಟಲೆ ನೆನೆದು ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತಿತ್ತು. ಹೀಗೆ ಅರೆ ಹದಗೊಂಡ ಚರ್ಮ ಹಡಗು ಹತ್ತಿ ಯೂರೋಪಿಗೆ ಹೋಗುತ್ತಿತ್ತು. ಅಲ್ಲಿ ಅದಕ್ಕೆ ಬಣ್ಣ, ಹೊಳಪು, ಮೃದುತ್ವ ಕೊಟ್ಟು ಬೂಟು ಮಾಡುತ್ತಿದ್ದರು.

ತೊಗಟೆಯ ಹದ ಇಂದಿಗೂ ಪೂರ್ಣ ಅಳಿದಿಲ್ಲ. ಮುಂಬಯಿ, ಪುಣೆಗಳಲ್ಲಿ ಕೊಲ್ಹಾಪುರಿ ಚಪ್ಪಲಿ ಎಂದು ಮಾರಾಟವಾಗುವ ಪಾದರಕ್ಷೆ ಈ ಬಗೆಯ ಚರ್ಮದ್ದು. ಅದರ ದೊಡ್ಡ ಪಾಲು ಅಥಣಿ, ನಿಪ್ಪಾಣಿಗಳ ಕಡೆಯ ಕನ್ನಡನಾಡಿನ ಕುಶಲಿಗಳ ಕೈಯಲ್ಲಿ ಸಿದ್ಧವಾಗುತ್ತದೆ ಎಂಬುದನ್ನು ಕೊಳ್ಳುವವರಲ್ಲಿ ಅನೇಕರು ಅರಿಯರು. 2019ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ಕರ್ನಾಟಕದ 4 ಜಿಲ್ಲೆಗಳೂ ಸೇರಿವೆ. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದ ಪ್ರದರ್ಶನವೊಂದರಲ್ಲಿ ಪ್ರಾಡಾ ಸಂಸ್ಥೆ ಇದೇ ಮಾದರಿಯ ಚಪ್ಪಲಿಯನ್ನು ಮೂಲದ ಹೆಸರು ಹೇಳದೆ ತೋರಿಸಿ ಗದ್ದಲವೆದ್ದಾಗ, ಅದರ ಸ್ಫೂರ್ತಿ ಭಾರತದ ಪಾದರಕ್ಷೆಯೇ ಎಂದು ಒಪ್ಪಿಕೊಳ್ಳಬೇಕಾಯಿತು. ತೊಗಟೆಯ ಹದವೆಂದರೆ ನಿರ್ಮಲ ನೀರು ಎಂದು ಭಾವಿಸಬೇಕಾಗಿಲ್ಲ. ಅದರ ಕೊಳಚೆಯೂ ಕೊಳೆತು ನಾರುತ್ತದೆ, ತೊಗಲಿನ ಉಪ್ಪು ಅಲ್ಲಿಯೂ ಉಂಟು. ಆದರೆ ಅದರಲ್ಲಿ ಕ್ರೋಮಿಯಂ ಇರಲಿಲ್ಲ.

ಕ್ರೋಮಿಯಂ ಲವಣದಿಂದ ಚರ್ಮ ಹದಮಾಡುವ ವಿದ್ಯೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿ, ಅಮೆರಿಕಗಳಲ್ಲಿ ಬೆಳೆಯಿತು. ತೊಗಟೆ ವಾರಗಳಲ್ಲಿ ಮಾಡುವುದನ್ನು ಇದು ಸುಮಾರು ಒಂದು ದಿನದಲ್ಲಿ ಮಾಡುತ್ತದೆ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಇದರ ಮಹತ್ವ ಕೂಡಲೆ ತಿಳಿಯುತ್ತದೆ. ತೊಗಲು ಗುಂಡಿಯಲ್ಲಿ ಬಿದ್ದಿರುವಷ್ಟು ದಿನ ಮಾಲೀಕನ ಬಂಡವಾಳವೂ ಗುಂಡಿಯಲ್ಲಿಯೇ ಬಿದ್ದಿರುತ್ತದೆ; ಅದರ ಮೇಲೆ ಬಡ್ಡಿ ಬೆಳೆಯುತ್ತಿರುತ್ತದೆ. ಒಂದೇ ಹಣ ತಿಂಗಳಿಗೆ ಒಮ್ಮೆ ತಿರುಗುವುದಕ್ಕೂ ಹತ್ತು ಬಾರಿ ತಿರುಗುವುದಕ್ಕೂ ಇರುವ ಅಂತರವನ್ನು ಯಾವ ವರ್ತಕನಿಗೂ ವಿವರಿಸಬೇಕಾಗಿಲ್ಲ. ಜೊತೆಗೆ ಚರ್ಮ ಮೃದುವಾಗಿ, ಶಾಖ ತಡೆದು, ಬೇಕಾದ ಬಣ್ಣ ಹಿಡಿಯುತ್ತದೆ. ಜಗತ್ತಿನ ಬಹುಪಾಲು ಬೂಟಿನ ಚರ್ಮ ಈಗ ಹದಗೊಳ್ಳುವುದು ಹೀಗೆಯೇ.

ಪಾಲಾರ್ ಕಣಿವೆಗೆ ಇದು ದೊಡ್ಡ ಪ್ರಮಾಣದಲ್ಲಿ ಬಂದದ್ದು 1970ರ ದಶಕದಲ್ಲಿ. 1972ರಲ್ಲಿ ನೇಮಕವಾದ ಸೀತಾರಾಮಯ್ಯ ಸಮಿತಿಯ ಸಲಹೆಯ ಮೇರೆಗೆ ಕೇಂದ್ರ ಸರ್ಕಾರ ಅರೆ ಹದದ ಚರ್ಮದ ರಫ್ತಿಗೆ ಕಡಿವಾಣ ಹಾಕಿ, ಸಿದ್ಧಚರ್ಮವನ್ನೂ ಚರ್ಮದ ವಸ್ತುಗಳನ್ನೂ ಕಳುಹಿಸಲು ಪ್ರೋತ್ಸಾಹ ನೀಡಿತು. ಉದ್ದೇಶ ಸಾಧುವಾದುದೇ. ಕಡಮೆ ಬೆಲೆಗೆ ಕಚ್ಚಾಮಾಲು ಮಾರಿ ಹೆಚ್ಚಿನ ಲಾಭವನ್ನು ಪರದೇಶದವರಿಗೆ ಬಿಟ್ಟುಕೊಡುವುದೇಕೆ? ಕೆಲಸವೂ ಇಲ್ಲಿಯೇ ಇರಲಿ, ವಿದೇಶಿ ವಿನಿಮಯವೂ ಹೆಚ್ಚಾಗಲಿ ಎಂಬ ಎಣಿಕೆ. ಎಣಿಕೆ ಫಲಿಸಿತು. ಆಂಬೂರು, ರಾಣಿಪೇಟೆ, ವಾಣಿಯಂಬಾಡಿಗಳಲ್ಲಿ ಬೂಟಿನ ಕಾರ್ಖಾನೆಗಳೆದ್ದವು, ಸಾವಿರಾರು ಹೆಂಗಸರಿಗೆ ತಿಂಗಳ ಸಂಬಳದ ಉದ್ಯೋಗ ಸಿಕ್ಕಿತು. 1990ರ ದಶಕದ ಹೊತ್ತಿಗೆ ದೇಶದ ಸಿದ್ಧಚರ್ಮದ ರಫ್ತಿನಲ್ಲಿ ಸುಮಾರು ಶೇಕಡಾ 80 ತಮಿಳುನಾಡಿನದಾಗಿತ್ತು.

ಆದರೆ ಲಾಭದೊಡನೆ ಮತ್ತೊಂದೂ ಊರು ಬದಲಿಸಿತು. ಚರ್ಮದ ಕೊನೆಯ ಹಂತಗಳು ಯೂರೋಪಿನಲ್ಲಿ ನಡೆಯುತ್ತಿದ್ದಾಗ ಆ ಹಂತಗಳ ಕೊಳಚೆಯೂ ಯೂರೋಪಿನ ನದಿಗಳ ಪಾಲಾಗಿತ್ತು. ಅದೇ ಕಾಲಕ್ಕೆ ಅಲ್ಲಿ ನೀರಿನ ಕಾನೂನುಗಳು ಬಿಗಿಯಾಗುತ್ತಿದ್ದವು. ಅಮೆರಿಕದ ಶುದ್ಧಜಲ ಕಾನೂನು 1972ರದು. ಕೊಳಚೆ ಶುದ್ಧಿಗೊಳಿಸುವ ವೆಚ್ಚ, ಕೂಲಿಯ ವೆಚ್ಚ ಎರಡೂ ಏರಿ ಅಲ್ಲಿನ ಟ್ಯಾನರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಬೂಟಿನ ಬಳಕೆಯೇನೂ ಕುಗ್ಗಲಿಲ್ಲ. ತೊಡುವವರು ಅಲ್ಲಿ ಉಳಿದರು, ತೊಳೆಯುವ ಕೆಲಸ ಇಲ್ಲಿಗೆ ಬಂತು.

ಒಂದು ಟನ್ ತೊಗಲಿನ ಲೆಕ್ಕ

ದಿನಕ್ಕೆ ಒಂದು ಟನ್ ಹಸಿ ತೊಗಲು ಹದಮಾಡುವ ಸಣ್ಣ ಕಾರ್ಖಾನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ತೊಗಲು ಬರುವುದು ದೇಶದ ಮೂಲೆಮೂಲೆಗಳಿಂದ. ಹಾದಿಯಲ್ಲಿ ಕೊಳೆಯದಿರಲೆಂದು ಅದರ ತೂಕದ ಶೇಕಡಾ 30ರಿಂದ 40ರಷ್ಟು ಉಪ್ಪನ್ನು ಮೆತ್ತಿರುತ್ತಾರೆ. ಹಾಗಾಗಿ ಟನ್ನೊಂದಕ್ಕೆ ಮೂರು ನಾಲ್ಕು ನೂರು ಕಿಲೋ ಉಪ್ಪು ಕಾರ್ಖಾನೆಯ ಬಾಗಿಲೊಳಕ್ಕೆ ಬಂತು. ಮೊದಲ ಕೆಲಸವೆಂದರೆ ಅದನ್ನು ನೀರಿನಲ್ಲಿ ನೆನೆಸಿ ಆ ಉಪ್ಪನ್ನು ತೊಳೆಯುವುದು. ಅನಂತರ ಕೂದಲು ಉದುರಿಸಲು ಸುಣ್ಣ ಮತ್ತು ಸೋಡಿಯಂ ಸಲ್ಫೈಡ್. ಮುಂದೆ ಸುಣ್ಣವನ್ನು ತೆಗೆಯುವುದು, ಮತ್ತೆ ಆಮ್ಲ ಮತ್ತು ಉಪ್ಪಿನ ಸ್ನಾನ, ಆಮೇಲೆ ದೊಡ್ಡ ಮರದ ಪೀಪಾಯಿಯಲ್ಲಿ ಕ್ರೋಮಿಯಂ ದ್ರಾವಣದೊಡನೆ ಗಿರಗಿರನೆ ತಿರುಗಿಸುವುದು. ಅಲ್ಲಿಂದ ಹೊರಬರುವಾಗ ತೊಗಲಿಗೆ ತಿಳಿನೀಲಿ ಬಣ್ಣ. ಬಳಿಕ ಎಣ್ಣೆ, ಬಣ್ಣ, ಮೆರುಗು.

ಇಷ್ಟಕ್ಕೆಲ್ಲ ಕಿಲೋ ಒಂದಕ್ಕೆ ಸುಮಾರು 35 ಲೀಟರ್ ನೀರು ಬೇಕೆಂದು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ದಾಖಲೆಗಳಲ್ಲಿ ಹೇಳಲಾಗಿದೆ. ಎಂದರೆ ನಮ್ಮ ಸಣ್ಣ ಕಾರ್ಖಾನೆಗೆ ದಿನವೊಂದಕ್ಕೆ 35,000 ಲೀಟರ್. ಮಹಾನಗರದಲ್ಲಿ ಟ್ಯಾಂಕರಿನ ಹಾದಿ ಕಾಯುವವರಿಗೆ ಈ ಸಂಖ್ಯೆಯ ತೂಕ ತಿಳಿಯುತ್ತದೆ. ಆ ನೀರು ಬಾವಿಯಿಂದ ಬಂತು. ತಿರುಗಿ ಹೋಗುವಾಗ ಉಪ್ಪು, ಸುಣ್ಣ, ಸಲ್ಫೈಡ್, ಕೂದಲು, ಮಾಂಸದ ಚೂರು ಎಲ್ಲವನ್ನೂ ಹೊತ್ತು ಹೋಯಿತು. ಸಾಮಾನ್ಯ ಕ್ರಮದಲ್ಲಿ ಹಾಕಿದ ಕ್ರೋಮಿಯಂನಲ್ಲಿ ಚರ್ಮ ಹೀರಿಕೊಳ್ಳುವುದು ಸುಮಾರು ಮೂರನೆಯ ಎರಡು ಭಾಗ ಮಾತ್ರ. ಮಿಕ್ಕಿದ್ದೂ ನೀರಿನ ಜೊತೆಯೇ ಸರಿ. ಒಂದು ಟನ್ ತೊಗಲಿನಿಂದ ಕೊನೆಗೆ ದೊರೆಯುವ ಚರ್ಮ 200–250 ಕಿಲೋ. ಉಳಿದದ್ದೆಲ್ಲ ಒಂದಲ್ಲ ಒಂದು ರೂಪದ ಕಸ.

ಇವುಗಳಲ್ಲಿ ಜನ ಹೆದರುವುದು ಕ್ರೋಮಿಯಂಗೆ. ಹೊಲವನ್ನು ಕೊಂದದ್ದು ಮಾತ್ರ ಹೆಚ್ಚಾಗಿ ಉಪ್ಪು, ಅಡುಗೆಮನೆಯ ಅದೇ ಉಪ್ಪು. ಕ್ರೋಮಿಯಂ ಅನ್ನು ಸುಣ್ಣ ಹಾಕಿ ಗಸಿಯಾಗಿ ಇಳಿಸಬಹುದು, ಹಿಡಿದು ಮತ್ತೆ ಬಳಸಲೂಬಹುದು. ಕೊಳೆಯುವ ವಸ್ತುಗಳನ್ನು ಸೂಕ್ಷ್ಮಜೀವಿಗಳಿಗೆ ಉಣಿಸಬಹುದು. ನೀರಿನಲ್ಲಿ ಕರಗಿದ ಉಪ್ಪನ್ನು ಇವಾವುದೂ ಮುಟ್ಟುವುದಿಲ್ಲ. ಹಲವು ಟ್ಯಾನರಿಗಳು ಕೂಡಿ ಕಟ್ಟಿಕೊಂಡ ಮೊದಮೊದಲ ಸಾಮೂಹಿಕ ಶುದ್ಧೀಕರಣ ಕೇಂದ್ರಗಳಿಂದ ಹೊರಬಂದ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ನಾಲಿಗೆಗೆ ಉಪ್ಪಾಗಿಯೇ ಇತ್ತು. ಬತ್ತದ ಗದ್ದೆಗೆ ಅದು ವಿಷವೇ ಸರಿ. ಮಣ್ಣಿನ ಮೇಲೆ ಬಿಳಿಯ ಪುಟ ಏಳುತ್ತದೆ, ಬೇರಿಗೆ ನೀರು ಹೀರಲಾಗದೆ ಪೈರು ಸುತ್ತಲೂ ನೀರಿದ್ದೂ ಒಣಗುತ್ತದೆ.

ವೆಲ್ಲೂರಿನ ಕೃಷಿ ಸಂಶೋಧನಾ ಕೇಂದ್ರ ನಡೆಸಿದ ಸಮೀಕ್ಷೆಯಂತೆ ಟ್ಯಾನರಿಗಳ ಸೀಮೆಯಲ್ಲಿ ಸುಮಾರು 35,000 ಹೆಕ್ಟೇರ್ ಭೂಮಿ ಪೂರ್ಣವಾಗಿಯೋ ಭಾಗಶಃವಾಗಿಯೋ ಬೇಸಾಯಕ್ಕೆ ಬಾರದಂತಾಯಿತು. ದಿಂಡಿಗಲ್ ಕಡೆಯ ಇಂತಹದೇ ಸೀಮೆಯ 13 ಹಳ್ಳಿಗಳಲ್ಲಿ ಎಣಿಸಿದ 467 ಬಾವಿಗಳಲ್ಲಿ 350 ಕೆಟ್ಟಿದ್ದವು. ಇಂದು ಪಾಲಾರ್ ದಂಡೆಯ ಪಟ್ಟಣಗಳಿಗೆ ಮೆಟ್ಟೂರಿನ ಬಳಿಯಿಂದ ಕೊಳವೆಗಳಲ್ಲಿ ನೀರು ತರಲಾಗುತ್ತಿದೆ. ಅದು ಕಾವೇರಿಯ ನೀರು. ಕಾವೇರಿಯ ಹಂಚಿಕೆಯ ಮಾತು ಬಂದಾಗಲೆಲ್ಲ ಬಿಸಿಯೇರುವ ನಮ್ಮವರು, ಒಂದು ನದಿ ಕೆಟ್ಟರೆ ಅದರ ಭಾರ ಮತ್ತೊಂದು ನದಿಯ ಮೇಲೆ ಬೀಳುವ ಈ ಬಗೆಯನ್ನೂ ಗಮನಿಸಬಹುದು.

ಪರೀಕ್ಷೆಗೊಳಗಾದ ಬೂಟು

ರಫ್ತಿನ ಬಿಲ್ಲಿನೊಡನೆ ಬ್ಯಾಂಕಿಗೆ ಬರುವ ಕಾಗದಪತ್ರಗಳ ಕಂತೆ ಸಣ್ಣದಲ್ಲ. ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಹಡಗಿನ ರಸೀದಿ, ವಿಮಾಪತ್ರ, ಮೂಲದೇಶದ ಪ್ರಮಾಣಪತ್ರ, ಸರಕಿನ ತಪಾಸಣೆಯ ಪತ್ರ. ಲೆಟರ್ ಆಫ್ ಕ್ರೆಡಿಟ್ಟಿನಲ್ಲಿ ಬರೆದ ಒಂದು ಅಕ್ಷರ ತಪ್ಪಿದರೂ ಹಣ ನಿಲ್ಲುತ್ತದೆ. ಇಷ್ಟು ಕಟ್ಟುನಿಟ್ಟಾದ ಕಂತೆಯಲ್ಲಿ ಆ ಸರಕನ್ನು ತೊಳೆದ ನೀರು ಎಲ್ಲಿಗೆ ಹೋಯಿತೆಂದು ಹೇಳುವ ಒಂದು ಹಾಳೆಯೂ ಇರಲಿಲ್ಲ.

ಪರದೇಶದ ಗ್ರಾಹಕರಿಗೆ ಆರೋಗ್ಯದ ಚಿಂತೆ ಇರಲಿಲ್ಲವೆಂದಲ್ಲ, ಬಹಳವೇ ಇತ್ತು. ಚರ್ಮಕ್ಕೆ ಬೂಷ್ಟು ಹಿಡಿಯದಿರಲೆಂದು ಪೆಂಟಾಕ್ಲೋರೋಫಿನಾಲ್ ಎಂಬ ವಿಷವಸ್ತುವನ್ನು ಹಾಕುವ ರೂಢಿಯಿತ್ತು. 1989ರ ಡಿಸೆಂಬರಿನಲ್ಲಿ ಜರ್ಮನಿ ಅದನ್ನು ನಿಷೇಧಿಸಿ, ವಸ್ತುವಿನ ಕಿಲೋ ಒಂದರಲ್ಲಿ 5 ಮಿಲಿಗ್ರಾಮಿಗಿಂತ ಹೆಚ್ಚು ಇರಕೂಡದೆಂದು ವಿಧಿಸಿತು. ಭಾರತದ ಚರ್ಮೋದ್ಯಮಕ್ಕೆ ಸಿಡಿಲು ಬಡಿದಂತಾಯಿತು. 1948ರಲ್ಲಿ ಸ್ಥಾಪನೆಯಾದ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾಲಯ ಬದಲಿ ವಸ್ತುಗಳನ್ನೂ ಪರೀಕ್ಷಾ ವ್ಯವಸ್ಥೆಯನ್ನೂ ಒದಗಿಸಲು ನೆರವಾಯಿತು. ಕೆಲವೇ ವರ್ಷಗಳಲ್ಲಿ ರಫ್ತಿನ ಚರ್ಮದಲ್ಲಿ ಆ ವಿಷದ ಬಳಕೆ ನಿಂತಿತು. 1994ರಲ್ಲಿ ಕ್ಯಾನ್ಸರ್‌ಕಾರಕ ಪದಾರ್ಥಗಳನ್ನು ಬಿಡುವ ಕೆಲವು ಆಜೋ ಬಣ್ಣಗಳ ಮೇಲೆ ಜರ್ಮನಿಯ ನಿಷೇಧ ಬಂತು, ಬಣ್ಣಗಳೂ ಬದಲಾದವು. 2015ರ ಮೇ 1ರಿಂದ ಯೂರೋಪಿನ ಒಕ್ಕೂಟ ಮೈಗೆ ತಾಗುವ ಚರ್ಮದ ವಸ್ತುಗಳಲ್ಲಿ ಕ್ರೋಮಿಯಂ-6 ಕಿಲೋಗೆ 3 ಮಿಲಿಗ್ರಾಮ್ ಮುಟ್ಟಕೂಡದೆಂದಿತು. ಅದಕ್ಕೂ ಇಲ್ಲಿನವರು ಒಗ್ಗಿಕೊಂಡರು.

ಈ ಮೂರು ನಿಯಮಗಳಿಂದಲೂ ಒಂದು ಮಾತು ಸ್ಪಷ್ಟವಾಗುತ್ತದೆ. ಕಾರ್ಖಾನೆಗಳಿಗೆ ಬದಲಾಗುವ ಶಕ್ತಿ ಇರಲಿಲ್ಲ, ಖರ್ಚು ಹೊರುವ ತ್ರಾಣವಿರಲಿಲ್ಲ ಎಂಬುದು ಸತ್ಯವಲ್ಲ. ಕೊಳ್ಳುವವನು ಸರಕು ಹಿಂತಿರುಗಿಸುತ್ತಾನೆ ಎಂದಾಗ ಎಲ್ಲವೂ ಸಾಧ್ಯವಾಯಿತು. ಆದರೆ ಆ ನಿಯಮಗಳು ಕಾದದ್ದು ಬೂಟು ತೊಡುವ ಪಾದವನ್ನು. ಚರ್ಮದಲ್ಲಿ ಉಳಿದ ಕ್ರೋಮಿಯಂನ ಪ್ರತಿ ಮಿಲಿಗ್ರಾಮನ್ನೂ ಅಳೆದವರು ಚರ್ಮದಲ್ಲಿ ಉಳಿಯದೆ ನದಿಗೆ ಹೋದದ್ದನ್ನು ಅಳೆಯಲು ಕೇಳಲಿಲ್ಲ. ನ್ಯಾಯವಾಗಿ ಹೇಳುವುದಾದರೆ, 2005ರಲ್ಲಿ ಆರಂಭವಾದ ಲೆದರ್ ವರ್ಕಿಂಗ್ ಗ್ರೂಪಿನಂತಹ ಸಂಸ್ಥೆಗಳ ಮೂಲಕ ದೊಡ್ಡ ಕಂಪನಿಗಳು ಟ್ಯಾನರಿಗಳ ನೀರಿನ ಬಳಕೆ, ಕೊಳಚೆಗಳ ತಪಾಸಣೆಗೂ ತೊಡಗಿವೆ. ಅಷ್ಟು ಹೊತ್ತಿಗೆ 35,000 ಹೆಕ್ಟೇರಿನ ಸಮೀಕ್ಷೆ ಹಳೆಯ ದಾಖಲೆಯಾಗಿತ್ತು.

ಚರ್ಮ ಒಂದರದೇ ಕಥೆ ಇದಲ್ಲ. ಇದೇ ತಮಿಳುನಾಡಿನ ತಿರುಪ್ಪೂರಿನಲ್ಲಿ ರಫ್ತಿನ ಬನಿಯನ್ನುಗಳಿಗೆ ಬಣ್ಣ ಹಾಕಿದ ನೀರು ನೊಯ್ಯಲ್ ನದಿಗೆ ಸೇರಿ, ಬೇಸಾಯಕ್ಕೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣ ಉಪ್ಪುಗಳ ತೊಟ್ಟಿಯಾಯಿತು. ರೈತರೇ ಅದರ ನೀರು ತಮಗೆ ಬಿಡಬೇಡಿರೆಂದು ಬೇಡಬೇಕಾಯಿತು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಿಸಿದ ಮೇಲೆಯೇ ನೀರನ್ನು ಶುದ್ಧಿಗೊಳಿಸಿ ಮರುಬಳಸುವ ವ್ಯವಸ್ಥೆ ಬಿಗಿಯಾಯಿತು.

ಮೈಯ ಮೇಲೆ, ಮೈಯ ಒಳಗೆ

ಕ್ರೋಮಿಯಂನಲ್ಲಿ ಎರಡು ಮುಖ್ಯ ಬಗೆಗಳು. ಹದಕ್ಕೆ ಬಳಸುವ ಕ್ರೋಮಿಯಂ-3 ಅಷ್ಟು ಅಪಾಯಕಾರಿಯಲ್ಲ. ಕ್ರೋಮಿಯಂ-6 ಬಲು ಉಗ್ರವಾದುದು. ಅದರ ಧೂಳು, ಆವಿಗಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರಬಲ್ಲದೆಂಬುದು ಸಿದ್ಧವಾಗಿದೆ. ಮೂಗಿನ ಒಳಗಿನ ನಡುಗೋಡೆ ತೂತಾಗುವುದು, ಕೈಬೆರಳುಗಳಲ್ಲಿ ಬೇಗ ಮಾಯದ ಆಳವಾದ ಹುಣ್ಣು, ಉಬ್ಬಸ ಇವು ಕ್ರೋಮೇಟ್ ಕೆಲಸಗಾರರಲ್ಲಿ ಕಾಣುವ ಹಳೆಯ ವ್ಯಾಧಿಗಳು. ಕ್ರೋಮಿಯಂ-3 ಕೂಡ ಶಾಖದಿಂದಲೋ, ಮಣ್ಣಿನಲ್ಲಿರುವ ಮ್ಯಾಂಗನೀಸ್ ಆಕ್ಸೈಡಿನಂತಹ ವಸ್ತುಗಳ ಸಂಪರ್ಕದಿಂದಲೋ ಕೆಲಮಟ್ಟಿಗೆ ಕ್ರೋಮಿಯಂ-6 ಆಗಿ ಮಾರ್ಪಡಬಲ್ಲದು. ಟ್ಯಾನರಿಯ ಗುಂಡಿಗಳಲ್ಲಿ ಮತ್ತೊಂದು ಮೃತ್ಯುವಿದೆ. ಸಲ್ಫೈಡಿನ ಕೊಳಚೆಗೆ ಆಮ್ಲ ಬೆರೆತರೆ ಹೊರಡುವ ಗಂಧಕಜಲಜನಕ ಅನಿಲ ಗುಂಡಿಗಿಳಿದವನನ್ನು ಕ್ಷಣದಲ್ಲಿ ಕೆಡವುತ್ತದೆ. ಎತ್ತಲು ಇಳಿದವನನ್ನೂ ಬಿಡುವುದಿಲ್ಲ.

ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಹೀಗಿದೆ: ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಮ್, ಬೇರೆ ನೀರೇ ದೊರೆಯದಿದ್ದರೆ 2,000ದವರೆಗೆ, ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಮ್. ನಗರದ ಅಂಚಿನ ಬಡಾವಣೆಗಳಲ್ಲಿ, ಕೈಗಾರಿಕಾ ಪ್ರದೇಶಗಳ ಪಕ್ಕದಲ್ಲಿ ಕೊಳವೆಬಾವಿಯ ನೀರು ಬಳಸುವ ಕುಟುಂಬಗಳು ಇಲ್ಲಿ ಎರಡು ಸಂಗತಿಗಳನ್ನು ಅರಿತಿರಬೇಕು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಉಪ್ಪಾಗಲಿ ಲೋಹವಾಗಲಿ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ಗಾಢವಾಗುತ್ತವೆ. ಎರಡನೆಯದಾಗಿ, ಈಚೆಗೆ ಮನೆಮನೆಗಳಲ್ಲಿ ಕಾಣುವ ಟಿಡಿಎಸ್ ಅಳೆಯುವ ಪುಟ್ಟ ಸಾಧನ ಒಟ್ಟು ಲವಣಾಂಶವನ್ನು ಅಂದಾಜಾಗಿ ತೋರಿಸುತ್ತದೆ. ಅದರಲ್ಲಿ ಕ್ರೋಮಿಯಂ ಉಂಟೋ ಇಲ್ಲವೋ ತಿಳಿಯಬೇಕಾದರೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಉಪ್ಪುನೀರಿನಲ್ಲಿ ಸೋಡಿಯಂ ಹೆಚ್ಚಾಗಿದ್ದರೆ ರಕ್ತದ ಒತ್ತಡ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರಿಗೆ ಆ ವಿಷಯ ತಿಳಿಸುವುದು ಒಳ್ಳೆಯದು. ಊಟದಲ್ಲಿ ಉಪ್ಪು ಬಿಟ್ಟು ನೀರಿನಲ್ಲಿ ಕುಡಿಯುತ್ತಿದ್ದರೆ ಪಥ್ಯ ವ್ಯರ್ಥ.

ಬೂಟು, ಚಪ್ಪಲಿ, ಗಡಿಯಾರದ ಪಟ್ಟಿ ತಾಗುವ ಕಡೆಯಲ್ಲಿ ಮಾತ್ರ ಕೆಂಪೇರಿ, ತುರಿಸಿ, ಚರ್ಮ ಒಡೆಯುತ್ತಿದ್ದರೆ ಅದು ಕ್ರೋಮಿಯಂನ ಅಲರ್ಜಿಯಾಗಿರಬಹುದು. ಬೆವರು ಚರ್ಮದಿಂದ ಅದನ್ನು ಕರಗಿಸಿ ಮೈಗೆ ಸೇರಿಸುತ್ತದೆ. ಇದನ್ನು ಹುಳುಕಡ್ಡಿಯೆಂದು ಭಾವಿಸಿ ವರ್ಷಗಟ್ಟಲೆ ಮುಲಾಮು ಹಚ್ಚುವವರುಂಟು. ಚರ್ಮವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪರೀಕ್ಷೆಯಿಂದ ಕಾರಣ ತಿಳಿಯುತ್ತದೆ. ಸಿಮೆಂಟಿನಲ್ಲಿಯೂ ಕ್ರೋಮಿಯಂ ಇರುವುದರಿಂದ ಕಟ್ಟಡದ ಕೆಲಸಗಾರರ ಕೈಗಳಲ್ಲಿ ಇದೇ ವ್ಯಾಧಿ ಕಾಣುತ್ತದೆ.

ರಾಣಿಪೇಟೆಯ ಗುಡ್ಡ

ಹದಕ್ಕೆ ಬೇಕಾದ ಕ್ರೋಮಿಯಂ ಲವಣವನ್ನು ಸ್ಥಳದಲ್ಲೇ ತಯಾರಿಸಲು ರಾಣಿಪೇಟೆಯ ಕೈಗಾರಿಕಾ ಪ್ರದೇಶದಲ್ಲಿ 1970ರ ದಶಕದಲ್ಲಿ ಒಂದು ಕಾರ್ಖಾನೆ ಆರಂಭವಾಗಿ 1990ರ ದಶಕದಲ್ಲಿ ಮುಚ್ಚಿತು. ಅದು ಬಿಟ್ಟುಹೋದದ್ದು 2 ಲಕ್ಷ ಟನ್ನಿಗೂ ಮೀರಿದ ಕ್ರೋಮಿಯಂ ರಾಡಿಯ ಗುಡ್ಡ. ಮಳೆ ಬಂದಾಗ ಅದರ ಬುಡದಿಂದ ಹಳದಿ ನೀರು ಒಸರುತ್ತಿತ್ತು. ಆ ಹಳದಿ ಕ್ರೋಮಿಯಂ-6ರ ಬಣ್ಣ. ಕಂಪನಿ ಹೋಯಿತು, ಷೇರುಗಳು ಹೋದವು, ಲೆಕ್ಕದ ಪುಸ್ತಕ ಮುಚ್ಚಿತು; ಗುಡ್ಡ ಯಾವ ಪುಸ್ತಕದಲ್ಲಿಯೂ ಬಾಕಿಯಾಗಿ ನಮೂದಾಗದೆ ನಿಂತಿತು.

ಅದೇ ರಾಣಿಪೇಟೆಯಲ್ಲಿ 2015ರ ಜನವರಿ 31ರಂದು, ಇನ್ನೂ ಬೆಳಕು ಹರಿಯುವ ಮೊದಲು, ಸಾಮೂಹಿಕ ಶುದ್ಧೀಕರಣ ಕೇಂದ್ರವೊಂದರ ರಾಡಿ ತುಂಬಿದ ತೊಟ್ಟಿಯ ಗೋಡೆ ಕುಸಿಯಿತು. ರಾಡಿ ಪಕ್ಕದ ಟ್ಯಾನರಿಯೊಳಕ್ಕೆ ನುಗ್ಗಿ ಅಲ್ಲಿ ಮಲಗಿದ್ದ 10 ಮಂದಿ ಸತ್ತರು. ಅವರಲ್ಲಿ ಬಹುಪಾಲು ಪಶ್ಚಿಮ ಬಂಗಾಳದಿಂದ ಹೊಟ್ಟೆಪಾಡಿಗಾಗಿ ಬಂದವರು. ಊರು ಬಿಟ್ಟು ಊರಿಗೆ ಬಂದು ದುಡಿಯುವವರು ಕೆಲಸದ ಜಾಗದಲ್ಲಿಯೇ ಮಲಗುವುದು ಏಕೆಂದು ಮಹಾನಗರಗಳ ಹೊರನಾಡ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೋಟೆಲಿನ ಮೇಜಿನ ಮೇಲೆ ರಾತ್ರಿ ಕಳೆದ ಹಿರಿಯರು ನಮ್ಮ ಸಂಘಗಳಲ್ಲಿ ಎಷ್ಟೋ ಮಂದಿ ಇದ್ದರು.

ಮೂವತ್ತನಾಲ್ಕು ವರ್ಷ

1991ರಲ್ಲಿ ವೆಲ್ಲೂರು ನಾಗರಿಕರ ಕ್ಷೇಮಾಭಿವೃದ್ಧಿ ವೇದಿಕೆ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿತು. ತಮಿಳುನಾಡಿನ ಐದು ಜಿಲ್ಲೆಗಳಲ್ಲಿ 900ಕ್ಕೂ ಹೆಚ್ಚು ಟ್ಯಾನರಿಗಳಿದ್ದ ಕಾಲ ಅದು. 1974ರ ಜಲಮಾಲಿನ್ಯ ತಡೆ ಕಾಯಿದೆ ಜಾರಿಗೆ ಬಂದು ಹದಿನೇಳು ವರ್ಷಗಳಾಗಿದ್ದವು. ಬಹುತೇಕ ಟ್ಯಾನರಿಗಳ ನೀರು ಶುದ್ಧಿಯಾಗದೆಯೇ ಹೊರಬೀಳುತ್ತಿತ್ತು. 1996ರ ಆಗಸ್ಟ್ 28ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠ ನೀಡಿದ ತೀರ್ಪು ದೇಶದ ಪರಿಸರ ನ್ಯಾಯದಲ್ಲಿ ಮೈಲಿಗಲ್ಲೆನಿಸಿತು. ಚರ್ಮೋದ್ಯಮ ವಿದೇಶಿ ವಿನಿಮಯ ತರುತ್ತದೆ, ಉದ್ಯೋಗ ಕೊಡುತ್ತದೆ ಎಂಬುದನ್ನು ಒಪ್ಪಿದ ನ್ಯಾಯಾಲಯ, ಅಷ್ಟರಿಂದ ಅದಕ್ಕೆ ಪರಿಸರವನ್ನು ನಾಶಮಾಡುವ ಹಕ್ಕು ಬರುವುದಿಲ್ಲ ಎಂದಿತು. ಕೆಡಿಸಿದವನೇ ತೆರಬೇಕು ಎಂಬ ತತ್ತ್ವವನ್ನು ದೇಶದ ಕಾನೂನಿನ ಭಾಗವೆಂದು ಸಾರಿ, ಪ್ರತಿ ಟ್ಯಾನರಿಗೆ 10,000 ರೂಪಾಯಿ ದಂಡ ವಿಧಿಸಿತು. ನಷ್ಟದ ಅಂದಾಜು ಮಾಡಿ ಪರಿಹಾರ ಕೊಡಿಸಲು ಪ್ರಾಧಿಕಾರವೊಂದನ್ನು ನೇಮಿಸುವಂತೆ ಕೇಂದ್ರಕ್ಕೆ ಆಜ್ಞಾಪಿಸಿತು. ಅಂದು ನ್ಯಾಯಾಲಯಕ್ಕೆ ನೆರವಾದ ವಕೀಲ ಎಂ. ಸಿ. ಮೆಹತಾ ಅವರನ್ನು ತೀರ್ಪು ಹೆಸರಿಸಿ ಮೆಚ್ಚಿದೆ.

ಇದಾದ ಮೇಲೆ ಸುಧಾರಣೆ ಆಗಲಿಲ್ಲವೆಂದರೆ ಅನ್ಯಾಯವಾದೀತು. ಟ್ಯಾನರಿಗಳು ಸಾಮೂಹಿಕ ಕೇಂದ್ರಗಳಿಗೆ ಸೇರಿದವು. ಕ್ರಮೇಣ ಸೂಕ್ಷ್ಮ ಪೊರೆಗಳ ಮೂಲಕ ನೀರನ್ನು ಹಿಂಡಿ ಮರಳಿ ಬಳಸುವ, ಉಳಿದ ಉಪ್ಪುನೀರನ್ನು ಕಾಯಿಸಿ ಆವಿಮಾಡುವ ದುಬಾರಿ ಯಂತ್ರಗಳು ಬಂದವು. ಈಗಿನ ತೊಡಕು ಆ ಯಂತ್ರಗಳು ಉಳಿಸುವ ಉಪ್ಪಿನದು. ಬಗೆಬಗೆಯ ಲವಣಗಳು ಬೆರೆತ ಆ ರಾಶಿ ಯಾವ ಉಪಯೋಗಕ್ಕೂ ಸುಲಭವಾಗಿ ಒದಗದೆ ಕೊಟ್ಟಿಗೆಗಳಲ್ಲಿ ಬೆಳೆಯುತ್ತದೆ. ಯಂತ್ರ ಓಡಿಸುವ ವಿದ್ಯುತ್ತಿನ ಬಿಲ್ಲು ಉಳಿಸಲು ಮಳೆಯ ರಾತ್ರಿ ಕೊಳಚೆಯನ್ನು ಸದ್ದಿಲ್ಲದೆ ನದಿಗೆ ಬಿಡುವವರಿದ್ದಾರೆಂಬ ದೂರುಗಳೂ ನಿಂತಿಲ್ಲ.

ಪ್ರಾಧಿಕಾರ 2001ರಲ್ಲಿ ಒಮ್ಮೆ, 2009ರಲ್ಲಿ ಮತ್ತೊಮ್ಮೆ ಪರಿಹಾರ ನಿಗದಿಮಾಡಿತು. ಪ್ರಕರಣ ಹೈಕೋರ್ಟಿಗೆ ಹೋಗಿ ಮತ್ತೆ ಸರ್ವೋಚ್ಚ ನ್ಯಾಯಾಲಯಕ್ಕೆ ಬಂತು. 2025ರ ಜನವರಿ 30ರಂದು ನ್ಯಾಯಮೂರ್ತಿಗಳಾದ ಜೆ. ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ, ಆ ಎರಡು ಆದೇಶಗಳಂತೆ ಪರಿಹಾರ ಇನ್ನೂ ಸಲ್ಲದಿರುವ ಕುಟುಂಬಗಳಿಗೆ ರಾಜ್ಯ ಸರ್ಕಾರವೇ ಹಣ ಕೊಟ್ಟು ಬಳಿಕ ಕೆಡಿಸಿದವರಿಂದ ವಸೂಲು ಮಾಡಬೇಕೆಂದೂ, ಪಾಲಾರ್‌ನ ಪುನರುದ್ಧಾರಕ್ಕೆ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಬೇಕೆಂದೂ ಆಜ್ಞೆ ಮಾಡಿತು. ಜರ್ಮನಿಯ ಬೂಟಿಗಾಗಿ ವಿಷವೊಂದನ್ನು ಬಿಡಲು ಹಿಡಿದದ್ದು ಕೆಲವೇ ವರ್ಷ. ಅರ್ಜಿ ಸಲ್ಲಿಸಿದಾಗ ನಲವತ್ತರ ಹರೆಯದಲ್ಲಿದ್ದ ಪಾಲಾರ್ ದಂಡೆಯ ರೈತ, ಈ ಆಜ್ಞೆ ಹೊರಟ ದಿನ ಬದುಕಿದ್ದರೆ, ಎಪ್ಪತ್ತು ದಾಟಿದ್ದ.